ಕೆಡಗಾಂವದ ಬೆಂಕಿ, ಅಜುಸಾ ಬೀದಿಯ ಕೀರ್ತಿ

ಪೆಂತೆಕೋಸ್ತ್ ಉಜ್ಜೀವನದ ಚರಿತ್ರೆ ಬರೆಯುವವರು 1906ರ ಏಪ್ರಿಲ್‌ನಿಂದ, ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಿಂದ ಶುರುಮಾಡುವುದು ವಾಡಿಕೆ. ಗುಲಾಮಗಿರಿ ಕಂಡ ತಂದೆತಾಯಿಯ ಮಗ ವಿಲಿಯಂ ಸೀಮೋರ್, ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಮೊಣಕಾಲೂರಿಸಿದ್ದು ದೊಡ್ಡ ಮಾತೇ. ಆದರೆ ಚರಿತ್ರೆಕಾರ ಸೆಸಿಲ್ ರೋಬೆಕ್ 2006ರ ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲೇ ಅದನ್ನು ಜಾಗತಿಕ ಚಳವಳಿಯ ಹುಟ್ಟು ಎಂದು ಸಾರಿದ್ದನ್ನು ನಾನು ಒಪ್ಪಲಾರೆ. ಅಜುಸಾವನ್ನು ಕಣ್ಣಾರೆ ಕಂಡು ಬರೆದ ಫ್ರಾಂಕ್ ಬಾರ್ಟಲ್‌ಮನ್ ಅವರೇ ವೇಲ್ಸ್ ಮತ್ತು ಭಾರತದ ಉಜ್ಜೀವನಗಳ ಋಣವನ್ನು ಒಪ್ಪಿಕೊಂಡಿದ್ದರು.

ಕಾರ್ಕಳದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ, ಪುಣೆ ಬಳಿಯ ಕೆಡಗಾಂವದಲ್ಲಿ ಮುಕ್ತಿ ಮಿಷನ್ ನಡೆಸುತ್ತಿದ್ದರು. ಅಲ್ಲಿ 1905ರ ಜೂನ್‌ನಲ್ಲಿ ನಡೆದದ್ದನ್ನು ಅವರ ಜೊತೆಗಾರ್ತಿ ಮಿನ್ನಿ ಏಬ್ರಮ್ಸ್ ಮರುವರ್ಷ ಒಂದು ಕಿರುಪುಸ್ತಕದಲ್ಲಿ ದಾಖಲಿಸಿದರು. ನಸುಕಿಗೂ ಮುಂಚೆ ಹುಡುಗಿಯೊಬ್ಬಳಿಗೆ ಮೈಮೇಲೆ ಬೆಂಕಿ ಇಳಿದಂತಾಗಿ ಎಚ್ಚರವಾಗುತ್ತದೆ. ಪಕ್ಕದಲ್ಲಿ ಮಲಗಿದ್ದವಳೂ ಆ ಬೆಂಕಿಯನ್ನು ಕಂಡು, ಓಡಿಹೋಗಿ ಬಕೆಟ್ ನೀರು ತಂದು, ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಗೆಳತಿ ಸುಡುತ್ತಿಲ್ಲವೆಂದು ತಿಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಹುಡುಗಿಯರೆಲ್ಲ ಸೇರಿ ಅಳುತ್ತ ಪಾಪನಿವೇದನೆಗೆ ತೊಡಗುತ್ತಾರೆ.

ಈ ನಿರೂಪಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಬಕೆಟ್. ಪವಾಡಕ್ಕೆ ಸಾಕ್ಷಿಯಾದವಳು ಭಕ್ತಿಯಿಂದ ಕೈಮುಗಿಯಲಿಲ್ಲ, ಜೀವ ಉಳಿಸಲು ಓಡಿದಳು. ಕಥೆ ಕಟ್ಟುವವರಿಗೆ ಆ ಗಾಬರಿ ಬೇಕಿರಲಿಲ್ಲ. ಏಬ್ರಮ್ಸ್ ಅದನ್ನು ಉಳಿಸಿಕೊಂಡಿದ್ದಾರೆ. ಇಡೀ ಘಟನೆಯಲ್ಲಿ ಬೋಧಕನಿಲ್ಲ, ವೇದಿಕೆಯಿಲ್ಲ. ಸಮಾಜ ಹೊರಗಟ್ಟಿದ ವಿಧವೆಯರು, ಬರದಲ್ಲಿ ಅನಾಥರಾದವರು ತಾವೇ ಶುರುಮಾಡಿ, ಆಮೇಲೆ ಪ್ರಾರ್ಥನಾ ತಂಡ ಕಟ್ಟಿಕೊಂಡು ಊರೂರಿಗೆ ಹೋದರು.

ಆಲನ್ ಆಂಡರ್ಸನ್‌ರಂಥ ಚರಿತ್ರೆಕಾರರು ಮುಕ್ತಿಯನ್ನು ಮತ್ತೆ ಚರಿತ್ರೆಗೆ ತಂದಿದ್ದಾರೆ, ನಿಜ. ಆದರೂ ಅನ್ಯಭಾಷೆಗಳಲ್ಲಿ, ಅಂದರೆ ಆತ್ಮಪ್ರೇರಣೆಯಿಂದ ತಾವು ಕಲಿಯದ ಭಾಷೆಗಳಲ್ಲಿ, ಮೊದಲು ಮಾತಾಡಿದವರು ಯಾರೆಂಬ ಪಂಚಾಯಿತಿ ಮುಗಿದಿಲ್ಲ. ಈ ಅಳತೆಗೋಲೇ ತಪ್ಪು. ಅನ್ಯಭಾಷೆ ಒಂದು ಗುರುತು, ಎಲ್ಲರಿಗೂ ಬೇಕಾದ ಗುರುತಲ್ಲ ಎಂಬುದು ರಮಾಬಾಯಿಯವರ ನಿಲುವು. 1916ರಲ್ಲಿ ಪೆಂತೆಕೋಸ್ತ್ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್ ಅನ್ಯಭಾಷೆಯನ್ನೇ ಪವಿತ್ರಾತ್ಮನ ದೀಕ್ಷಾಸ್ನಾನದ ಮೊದಲ ಪುರಾವೆಯೆಂದು ತನ್ನ ವಿಶ್ವಾಸ ಪ್ರಮಾಣದಲ್ಲಿ ಬರೆದುಕೊಂಡಿತು. ಆ ಪುರಾವೆಯನ್ನೇ ಹುಡುಕುತ್ತ ಹೋದ ಚರಿತ್ರೆಗೆ ಕೆಡಗಾಂವ ಪೀಠಿಕೆಯಾಗಿ ಮಾತ್ರ ಕಂಡಿತು.

ಕೆಡಗಾಂವ ಬರೀ ಪೀಠಿಕೆಯಲ್ಲ ಎಂಬುದಕ್ಕೆ ಚಿಲಿ ದೇಶವನ್ನೇ ನೋಡಿ. ಏಬ್ರಮ್ಸ್ ತಮ್ಮ ಪುಸ್ತಕವನ್ನು ವಾಲ್ಪರೈಸೊದಲ್ಲಿದ್ದ ಹಳೆಯ ಸಹಪಾಠಿ ಮೇ ಹೂವರ್‌ಗೆ ಕಳಿಸಿದರು. ಮೇ ಮತ್ತು ಅವರ ಪತಿ ವಿಲಿಸ್ ಅದನ್ನೋದಿ ಪ್ರಾರ್ಥನೆಗೆ ತೊಡಗಿದರು, 1909ರಲ್ಲಿ ಅಲ್ಲಿನ ಮೆಥೊಡಿಸ್ಟ್ ಸಭೆಯಲ್ಲೇ ಉಜ್ಜೀವನವಾಯಿತು. ಚಿಲಿಯ ಪೆಂತೆಕೋಸ್ತ್ ಸಭೆಗಳು ಬೆಳೆದದ್ದು ಅಲ್ಲಿಂದ. ಆ ದಾರಿ ಹೊರಟದ್ದು ಕೆಡಗಾಂವದಿಂದ.