ಎರಡು ದಿನದ ಪರದೇಶ

ಪ್ರವಾಸಕಥನವೆಂಬದು ಕನ್ನಡಕ್ಕೆ ಹೊಸದಲ್ಲ. ಆದರೆ ಇತ್ತಿತ್ತಲಾಗಿ ಅದರಲ್ಲಿ ಒಂದು ಹೊಸ ತಳಿ ಹುಟ್ಟಿಕೊಂಡಿರುವದನ್ನು ವಾಚಕರು ಗಮನಿಸಿರಬಹುದು. ನಾಲ್ಕೈದು ಜನ ಗೆಳೆಯರು ಕೂಡಿ ಶುಕ್ರವಾರ ರಾತ್ರಿ ವಿಮಾನವೇರಿ ದುಬಾಯಿಗೋ ಸಿಂಗಾಪುರಕ್ಕೋ ಹೋಗುವದು, ಶನಿವಾರ ರವಿವಾರ ಊರು ನೋಡುವದು, ಸೋಮವಾರವೋ ಮಂಗಳವಾರವೋ ಕೆಲಸಕ್ಕೆ ಹಾಜರಾಗುವದು. ಮುಂದಿನ ತಿಂಗಳು ಅದರ ಮೇಲೊಂದು ಲೇಖನ ಪತ್ರಿಕೆಗೆ ಬರುವದು. ಬೀಳಗಿ, ಜಮಖಂಡಿ, ಮುಧೋಳ, ಬನಹಟ್ಟಿಗಳ ವಿದ್ಯಾವಂತ ಮನೆತನಗಳಲ್ಲಿ ಇಂಥ ಪ್ರವಾಸ ಮಾಡಿಬಂದವರು ಈಗ ವಿರಳರಲ್ಲ. ಈ ಲೇಖನಗಳನ್ನು ಹಗುರ ಸರಕೆಂದು ಬದಿಗಿಡುವ ಪದ್ಧತಿಯು ವಿಮರ್ಶಕರಲ್ಲುಂಟು. ಎರಡು ದಿನದಲ್ಲಿ ಏನು ಕಂಡಾರು, ಕಂಡುದನ್ನು ಏನು ಬರೆದಾರು ಎಂಬದು ಅವರ ಆಕ್ಷೇಪ. ನಮಗೆ ಈ ಆಕ್ಷೇಪವು ಸರಿಯೆನಿಸುವದಿಲ್ಲ. ದೋಷವುಂಟು, ನಿಜ, ಆದರೆ ಅದು ಇರುವ ಠಾವು ಬೇರೆ.

ಮೊದಲು ದೂರದ ಮಾತನ್ನು ಮುಗಿಸಿಬಿಡೋಣ. 1948ಕ್ಕೆ ಮೊದಲು ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ನೆರೆಯ ಮುಧೋಳವು ಘೋರ್ಪಡೆಯವರ ಸಂಸ್ಥಾನ, ಜಮಖಂಡಿಯು ಪಟವರ್ಧನರ ಸಂಸ್ಥಾನ. ಬೀಳಗಿಯ ಬೀಗರು ಮುಧೋಳದ ಮದುವೆಗೆ ಚಕ್ಕಡಿ ಹೂಡಿಕೊಂಡು ಹೊರಟರೆ ಒಬ್ಬ ಅರಸನ ಸೀಮೆಯಿಂದ ಇನ್ನೊಬ್ಬ ಅರಸನ ಸೀಮೆಗೆ ಹೋದಂತೆಯೇ ಆಗುತ್ತಿದ್ದಿತು. ಗೋವೆಯ ಪಣಜಿಯಂತೂ 1961ರ ಡಿಸೆಂಬರದವರೆಗೆ ಪೋರ್ತುಗೀಸರ ಆಳಿಕೆಯಲ್ಲಿದ್ದು, ಕ್ಯಾಸಲ್‌ರಾಕಿನ ಘಟ್ಟವನ್ನು ಇಳಿದರೆ ನಮ್ಮವರಿಗೆ ನಿಜವಾದ ಪರದೇಶವೇ ಎದುರಾಗುತ್ತಿದ್ದಿತು. ಅಂದಮೇಲೆ ಪರದೇಶವನ್ನು ಹರದಾರಿಯಿಂದ ಅಳೆಯುವದು ವ್ಯರ್ಥ. ದಿನಗಳಿಂದ ಅಳೆಯುವದೂ ಅಷ್ಟೇ ವ್ಯರ್ಥ. ವಿ. ಸೀತಾರಾಮಯ್ಯನವರು ಕಡಲು ದಾಟದೆ, ಹಂಪೆಯೊಂದನ್ನೇ ಹಿಡಿದುಕೊಂಡು ‘ಪಂಪಾಯಾತ್ರೆ’ಯನ್ನು ಬರೆದರು, ಹೊಸಗನ್ನಡದ ಪ್ರವಾಸಸಾಹಿತ್ಯದ ಮಾತು ಬಂದಾಗ ಇಂದಿಗೂ ಆ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು.

ದೀರ್ಘಕಾಲ ಪರದೇಶದಲ್ಲಿದ್ದು ಬರೆದವರ ಸಾಲು ನಮ್ಮಲ್ಲಿ ದೊಡ್ಡದೇ ಇದೆ. ವಿನಾಯಕ ಕೃಷ್ಣ ಗೋಕಾಕರು ಆಕ್ಸಫರ್ಡಿನಲ್ಲಿ ಓದಿ 1938ರಲ್ಲಿ ಮರಳಿದರು. ‘ಸಮುದ್ರದಾಚೆಯಿಂದ’ ಎಂಬ ಅವರ ಪುಸ್ತಕವು ಆ ಕಾಲದ ಫಲ. ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವು ಎಲ್ಲರೂ ಬಲ್ಲವು. ಈ ಪುಸ್ತಕಗಳ ಕೇಂದ್ರದಲ್ಲಿ ನಿಂತವನು ಒಬ್ಬನೇ ಮನುಷ್ಯ: ಪರನಾಡಿನ ಎದುರಿಗೆ ನಿಂತು, ತನ್ನ ನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ತೂಗಿ ನೋಡುವ ಒಂಟಿ ಪ್ರವಾಸಿ. ಎರಡು ದಿನದ ಗೆಳೆಯರ ಗುಂಪಿನಿಂದ ಬಂದ ಲೇಖಕನೂ ಈ ಒಂಟಿ ಪ್ರವಾಸಿಯ ಅಂಗಿಯನ್ನೇ ತೊಡಲು ಹೋಗುತ್ತಾನೆ. ಅಂಗಿಯು ಅವನಿಗೆ ಸಡಿಲಾಗುತ್ತದೆ. ತೂಗಿ ನೋಡಲು ಅವನಿಗೆ ವೇಳೆ ಸಿಕ್ಕಿರುವದಿಲ್ಲ, ಒಂಟಿಯಾಗಿ ನಿಲ್ಲಲು ಗೆಳೆಯರು ಬಿಟ್ಟಿರುವದಿಲ್ಲ. ಆಗ ಲೇಖನದಲ್ಲಿ ಉಳಿಯುವದು ಎತ್ತರ, ಅಗಲ, ದರ, ವರ್ಷ. ಮಾರ್ಗದರ್ಶಿ ಪುಸ್ತಿಕೆಯಲ್ಲಿ ಅಚ್ಚಾಗಿರುವ ಸಂಗತಿಗಳೇ ಎರಡನೆಯ ಸಲ ಅಚ್ಚಾಗುತ್ತವೆ.

ದುಬಾಯಿಯ ಮೇಲಿನ ಲೇಖನಗಳನ್ನು ನೋಡಿರಿ. 2010ರಲ್ಲಿ ತೆರೆದ ಬುರ್ಜ್ ಖಲೀಫಾ ಕಟ್ಟಡದ ಎತ್ತರ 828 ಮೀಟರು ಎಂಬ ವಾಕ್ಯವಿಲ್ಲದ ಲೇಖನವು ದೊರೆಯುವದು ಕಷ್ಟ. ಅದೇ ಊರಿನ ನಡುವೆ ಕಡಲಿನ ಹಿನ್ನೀರ ಕಾಲುವೆಯೊಂದುಂಟು. ಈ ದಡದಿಂದ ಆ ದಡಕ್ಕೆ ‘ಅಬ್ರಾ’ ಎಂಬ ಕಟ್ಟಿಗೆಯ ದೋಣಿಗಳು ಒಂದು ದಿರಹಮಿಗೆ ಜನರನ್ನು ದಾಟಿಸುತ್ತವೆ. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕುಳಿತು, ಕೆಲಸಕ್ಕೆ ಹೊರಟ ಕೂಲಿಕಾರರ ಮಗ್ಗುಲಿಗೆ ಐದು ಜನ ಬೀಳಗಿಯವರು ಕೆಲವು ನಿಮಿಷ ನೀರಿನ ಮೇಲೆ ಇರುತ್ತಾರೆ. ಅಲ್ಲಿ ಏನೋ ಒಂದು ಮಾತು ಹುಟ್ಟಿಯೇ ಇರಬೇಕು. ಕೃಷ್ಣೆ ಘಟಪ್ರಭೆಗಳ ನಡುವಣ ಸೀಮೆಯವರು ದೋಣಿಯಲ್ಲಿ ಕುಳಿತು ಸುಮ್ಮನಿರಲಾರರು. ಆ ಮಾತು ಲೇಖನದಲ್ಲಿ ಬರುವದಿಲ್ಲ. 828 ಮೀಟರು ಬರುತ್ತದೆ.

ನಮ್ಮ ಮುಖ್ಯ ಆಕ್ಷೇಪವೇ ಇದು. ಇಂಥ ಪ್ರವಾಸದಲ್ಲಿ ಲೇಖಕನು ಚೆನ್ನಾಗಿ ಬಲ್ಲ ವಸ್ತುವೆಂದರೆ ಅವನ ಗೆಳೆಯರು; ಲೇಖನದಿಂದ ಅವನು ಮೊದಲು ಹೊರಗೆ ಹಾಕುವದೂ ಅವರನ್ನೇ. ಮೊದಲ ಪರಿಚ್ಛೇದದಲ್ಲಿ ‘ನಾವು ಐವರು ಮಿತ್ರರು’ ಎಂದು ಹೆಸರಿಲ್ಲದೆ ಬಂದವರು, ಕೊನೆಗೆ ‘ಎಲ್ಲರೂ ಸುಖವಾಗಿ ಮರಳಿದೆವು’ ಎಂಬಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ನಡುವೆ ಅವರು ಎಲ್ಲಿದ್ದರು? ಯಾವನು ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟು ಕಟ್ಟಿಕೊಂಡು ಬಂದಿದ್ದನು, ಯಾವನು ಅದನ್ನು ನೋಡಿ ಮೊದಲು ನಕ್ಕು ಎರಡನೆಯ ದಿನ ತಾನೇ ಕೈಯೊಡ್ಡಿದನು? ಸಾಮಾಯಿಕ ಖರ್ಚಿನ ಹಣವನ್ನು ಯಾರು ಇಟ್ಟುಕೊಂಡಿದ್ದರು? ಇಂಗ್ಲೀಷು ಬಾರದವನು ವಸತಿಗೃಹದ ಬಾಗಿಲಲ್ಲಿ ಯಾರ ಬೆನ್ನ ಹಿಂದೆ ನಿಂತನು? ಊರಲ್ಲಿ ಸಾವುಕಾರನೆಂದು ಮಾನ ಪಡೆದವನು ಅಲ್ಲಿ ರೂಪಾಯಿಯನ್ನು ಪರದೇಶದ ನಾಣ್ಯಕ್ಕೆ ಲೆಕ್ಕ ಹಾಕುತ್ತ ಕುಳಿತಾಗ ಉಳಿದವರು ಅವನನ್ನು ಹೇಗೆ ನೋಡಿದರು? ಊರಲ್ಲಿ ಇಪ್ಪತ್ತು ವರುಷ ಕಾಣದ ಗುಣಗಳು ಪರಸ್ಥಳದಲ್ಲಿ ಎರಡು ದಿನಕ್ಕೆ ಹೊರಬೀಳುತ್ತವೆ. ಊರು ಅಷ್ಟು ಬೇಗ ತೆರೆದುಕೊಳ್ಳಲಿಕ್ಕಿಲ್ಲ, ಮನುಷ್ಯರು ತೆರೆದುಕೊಳ್ಳುತ್ತಾರೆ; ಅದಕ್ಕೆ ಎರಡು ದಿನ ಧಾರಾಳವಾಗಿ ಸಾಕು.

ಗುಂಪಿನ ಪ್ರವಾಸವನ್ನು ಬರೆಯುವ ಬಗೆ ಕನ್ನಡಕ್ಕೆ ತಿಳಿಯದ್ದೇನಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಂಬ ಪುಸ್ತಕವನ್ನು ಈ ದೃಷ್ಟಿಯಿಂದ ಯಾರೂ ಸಾಕಷ್ಟು ಓದಿದಂತಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ವೃತ್ತಾಂತವದು. ಚಿತ್ರಗಳೂ ಅವರ ಕೈಯವೇ. 1978ರಲ್ಲಿ ಅಕಾದೆಮಿಯ ಪ್ರಶಸ್ತಿಯೂ ಬಂದಿತು. ಪರದೇಶದ ಮಾತು ಅಲ್ಲಿಲ್ಲ. ಆದರೆ ಗಿಡದ ಹೆಸರು, ಅದರ ಕುಲ, ಎಲೆಯ ಆಕಾರ ಇವೆಲ್ಲ ಒಣ ಸಂಗತಿಗಳು ಹುಡುಗರ ಪ್ರಶ್ನೆ, ಚೇಷ್ಟೆ, ಹಸಿವೆಗಳ ನಡುವೆ ಬಂದು ವಾಚಕನ ಮನಸ್ಸಿನಲ್ಲಿ ನಿಂತುಬಿಡುತ್ತವೆ. ಗುಂಪನ್ನು ತೆಗೆದುಬಿಟ್ಟರೆ ಆ ಪುಸ್ತಕವು ಸಸ್ಯಗಳ ಪಟ್ಟಿಯಾದೀತು. ನಮ್ಮ ಪ್ರವಾಸಲೇಖಕರು ಮಾಡುತ್ತಿರುವದು ಸರಿಯಾಗಿ ಇದನ್ನೇ: ಗುಂಪನ್ನು ತೆಗೆದು ಪಟ್ಟಿಯನ್ನು ಉಳಿಸಿಕೊಳ್ಳುತ್ತಾರೆ.

ಇನ್ನೊಂದು ನಿದರ್ಶನ. ಲಂಡನ್ನಿಗೆ ಎರಡು ದಿನಕ್ಕೆಂದು ಬೀಳಗಿಯಿಂದ ಯಾರೂ ಹೋಗಲಾರರು. ಆದರೆ ಯುರೋಪಿನಲ್ಲಿ ಉದ್ಯೋಗಕ್ಕಿರುವ ನಮ್ಮ ಕಡೆಯ ತರುಣರಿಗೆ ಅದು ವಾರದ ಕೊನೆಯ ಸುತ್ತಾಟದ ಊರು. ಅಲ್ಲಿ ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಆಚೆಯ ದಂಡೆಗೆ, 2015ರ ನವೆಂಬರ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಅದನ್ನು ನೋಡಿದವರೆಲ್ಲ ‘ಎದೆಯುಬ್ಬಿತು’ ಎಂದು ಬರೆಯುತ್ತಾರೆ. ಉಬ್ಬಲಿ, ಬೇಡವೆನ್ನುವವರಾರು? ಆದರೆ ನಮ್ಮ ಜಿಲ್ಲೆಯವನಿಗೆ ಅಲ್ಲಿ ಬೇರೊಂದು ನೆನಪಾಗದೆ ಇರಲಾರದು. ಕೂಡಲಸಂಗಮದಲ್ಲಿ ನಾರಾಯಣಪುರದ ಜಲಾಶಯದ ಹಿನ್ನೀರು ಏರಿದ ಮೇಲೆ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಬೇಕಾಯಿತು. ನಾವು ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಅದರ ದರ್ಶನ ಪಡೆಯುತ್ತೇವೆ. ಇಲ್ಲಿ ನದಿಯ ಕೆಳಗೆ ಇಳಿದು ನೋಡಿದ ಬಸವಣ್ಣನನ್ನು ಅಲ್ಲಿ ನದಿಯ ಮೇಲೆ ತಲೆಯೆತ್ತಿ ನೋಡಬೇಕು. ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡ ಕುಟುಂಬದ ಹುಡುಗನೊಬ್ಬನು ಆ ಗುಂಪಿನಲ್ಲಿದ್ದರೆ, ಅವನೂ ಮೈಸೂರು ಕಡೆಯ ಅವನ ಗೆಳೆಯನೂ ಆ ಪ್ರತಿಮೆಯ ಕೆಳಗೆ ಒಂದೇ ಮಾತನ್ನು ಆಡಿರಲಾರರು. ಆ ಎರಡು ಮಾತುಗಳನ್ನು ಬರೆದುಕೊಂಡವನು ಲಂಡನ್ನಿನ ಬಗೆಗೆ ಮತ್ತೇನನ್ನೂ ಬರೆಯದಿದ್ದರೂ ನಡೆದೀತು.

ಲೇಖಕರು ಗೆಳೆಯರನ್ನು ಬಿಟ್ಟುಬಿಡುವದಕ್ಕೆ ಕಾರಣವನ್ನು ನಾವು ಅರಿಯೆವೆಂದಲ್ಲ. ಸಣ್ಣ ಊರಿನ ಪತ್ರಿಕೆ. ಬರೆದವನೂ ಬರೆಯಿಸಿಕೊಂಡವನೂ ಮರುದಿನ ಒಂದೇ ಚಹದ ಅಂಗಡಿಯಲ್ಲಿ ಎದುರುಬದುರು ಕೂಡ್ರುವವರು. ಗೆಳೆಯನು ಪರದೇಶದಲ್ಲಿ ಅಂಜಿದನೆಂದೋ, ಖರ್ಚಿನ ಪಾಲು ಕೊಡಲು ತಡಮಾಡಿದನೆಂದೋ ಅಚ್ಚುಹಾಕಿಸಿದರೆ ಮೂವತ್ತು ವರುಷದ ಸ್ನೇಹವು ಒಂದು ಪುಟಕ್ಕೆ ಬಲಿಯಾದೀತು. ಈ ಭಯವು ಸುಳ್ಳಲ್ಲ, ಹಾಸ್ಯಾಸ್ಪದವೂ ಅಲ್ಲ. ಪರಊರಿನ ದೊಡ್ಡ ಪತ್ರಿಕೆಗೆ ಬರೆಯುವವನಿಗೆ ಇಲ್ಲದ ಕಷ್ಟವಿದು. ಇದಕ್ಕೆ ಸ್ವಾಮಿಯವರು ಹಿಡಿದ ಹಾದಿಯನ್ನು ಹಿಡಿಯಬಹುದು: ನಗೆಯ ಮೊದಲ ಪೆಟ್ಟನ್ನು ತನ್ನ ಮೇಲೆ ಹಾಕಿಕೊಂಡವನಿಗೆ ಉಳಿದವರ ಮೇಲೆ ಹಗುರಾಗಿ ಕೈಯಾಡಿಸುವ ಅಧಿಕಾರ ಬರುತ್ತದೆ. ಬರೆದುದನ್ನು ಅಚ್ಚಿಗೆ ಮೊದಲು ಗೆಳೆಯರಿಗೆ ಓದಿ ತೋರಿಸುವದೂ ಒಂದು ಉಪಾಯ. ಹಾಗೆ ಓದಿದಾಗ ಅವರು ‘ಅದು ಹಾಗಾಗಲಿಲ್ಲ’ ಎಂದು ಜಗಳಾಡಿದರೆ ಆ ಜಗಳವನ್ನೂ ಸೇರಿಸಿಕೊಳ್ಳಬೇಕು. ಒಂದೇ ಬೀದಿಯನ್ನು ಐವರು ಐದು ಬಗೆಯಾಗಿ ಕಂಡರೆಂಬದು ಒಂಟಿ ಪ್ರವಾಸಿಗೆ ಎಂದೂ ದೊರೆಯದ ಸಂಪತ್ತು.

ಹೇಳಬೇಕಾದ ಸಣ್ಣ ಮಾತು ಮತ್ತೊಂದುಂಟು. ನಮ್ಮ ಕೈಗೆ ಬರುವ ಈ ಬಗೆಯ ಲೇಖನಗಳು ಬಹುತೇಕ ಗಂಡಸರವು. ಗೆಳತಿಯರು ಕೂಡಿ ಹೋಗುವದಿಲ್ಲವೆಂದಲ್ಲ. ಹೋಗುತ್ತಾರೆ, ಬಂದು ಮನೆಯಲ್ಲಿ ಹೇಳುತ್ತಾರೆ, ಕೇಳಿದವರೆಲ್ಲ ನಗುತ್ತಾರೆ, ಬರೆಯುವದು ಮಾತ್ರ ಆಗುವದಿಲ್ಲ. ಮನೆಯ ಅಡಿಗೆ, ಮಕ್ಕಳ ಶಾಲೆ, ಅತ್ತೆಯ ಔಷಧ ಇವನ್ನೆಲ್ಲ ಎರಡು ದಿನಕ್ಕೆ ಯಾರ ವಶಕ್ಕೆ ಒಪ್ಪಿಸಿ ಹೊರಟರು ಎಂಬಲ್ಲಿಂದಲೇ ಅವರ ಪ್ರವಾಸವು ಮೊದಲಾಗುತ್ತದೆ. ವಿಮಾನ ಏರುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ. ಅಂಥದೊಂದು ಲೇಖನ ಬಂದರೆ ಅದನ್ನು ನಾವು ಕಟ್ಟಡಗಳ ಎತ್ತರವನ್ನು ಕೇಳದೆಯೇ ಓದುವೆವು.