ಗಟ್ಟಿಯಾದದ್ದೆಲ್ಲ ಬಾಳುವುದೇ? ಕೆಸರು ಪಂಪಿನ ಇಂಪೆಲರ್ ಮತ್ತು ನಮ್ಮ ಘರ್ಷಣೆಯ ಪಾಠ

ಘರ್ಷಣೆಯ ಪಾಠವನ್ನು ನೀವು ಓದಿದ್ದೀರಿ, ಹಲವರು ಬೋಧಿಸಿಯೂ ಇದ್ದೀರಿ. ಅದರ ಕೊನೆಯಲ್ಲಿ ‘ಘರ್ಷಣೆಯ ಅನಾನುಕೂಲಗಳು’ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಒಂದು ಸಾಲು: ಯಂತ್ರದ ಭಾಗಗಳು ಸವೆಯುತ್ತವೆ. ಅದಕ್ಕೆ ಪರಿಹಾರಗಳು ಮೂರು: ಎಣ್ಣೆ ಹಾಕುವುದು, ಬಾಲ್ ಬೇರಿಂಗ್ ಜೋಡಿಸುವುದು, ಮೇಲ್ಮೈಯನ್ನು ನಯಗೊಳಿಸುವುದು. ಇಷ್ಟಕ್ಕೆ ಸವೆತದ ಅಧ್ಯಾಯ ಮುಗಿಯುತ್ತದೆ. ಖನಿಜಗಳ ಪಾಠದಲ್ಲಿ ಮೋಸ್ ಮಾಪಕ ಬಂದಾಗ ವಿದ್ಯಾರ್ಥಿಯು ಈ ಎರಡನ್ನೂ ಕೂಡಿಸಿ ತಾನಾಗಿಯೇ ಒಂದು ತೀರ್ಮಾನಕ್ಕೆ ಬರುತ್ತಾನೆ: ಗಟ್ಟಿಯಾದದ್ದು ಸವೆಯುವುದಿಲ್ಲ.

ಈ ತೀರ್ಮಾನ ಪೂರ್ತಿ ತಪ್ಪಲ್ಲ, ಆದರೆ ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ಯಂತ್ರ ಕೊಂಡರೆ ಹಣ ಹೋಗುತ್ತದೆ. ಕೆಸರುನೀರನ್ನು ತಳ್ಳುವ ಪಂಪಿನ ಇಂಪೆಲರ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ನಮ್ಮ ಪಾಠಕ್ರಮದ ಈ ಕೊರತೆಯನ್ನು ಪರಿಶೀಲಿಸೋಣ.

ಪಾಠದ ಮೂರು ಪರಿಹಾರಗಳನ್ನು ಮೊದಲು ನೋಡಿ. ಇಂಪೆಲರ್ ರಾಡಿಯೊಳಗೇ ಮುಳುಗಿ ತಿರುಗುತ್ತದೆ. ಅಲ್ಲಿ ಎಣ್ಣೆ ನಿಲ್ಲುವುದಿಲ್ಲ. ಬೇರಿಂಗ್ ಇರುವುದು ದಂಡಕ್ಕೆ, ಅಲಗಿಗಲ್ಲ. ನಯಗೊಳಿಸಿದ ಮೇಲ್ಮೈಯನ್ನು ಮರಳು ಕೆಲವೇ ಗಂಟೆಗಳಲ್ಲಿ ಒರಟಾಗಿಸಬಲ್ಲದು. ಅಂದರೆ ನಾವು ಕಲಿಸುವ ಒಂದು ಪರಿಹಾರವೂ ಇಲ್ಲಿ ನಡೆಯದು. ಕಾರಣ ಸರಳ. ನಮ್ಮ ಪಾಠವು ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು ಮಾತ್ರ ಪರಿಗಣಿಸುತ್ತದೆ. ಇಲ್ಲಿ ಸವೆಸುವುದು ದ್ರವದೊಡನೆ ಹಾರಿಬರುವ ಸಾವಿರಾರು ಬಿಡಿ ಕಣಗಳು.

ಆರ್ಚರ್ಡ್ ನಿಯಮದ ಮಿತಿ

ಕಾಲೇಜು ಮಟ್ಟದಲ್ಲಿ ಆರ್ಚರ್ಡ್ 1953ರಲ್ಲಿ ನೀಡಿದ ಸೂತ್ರವನ್ನು ಹೇಳುತ್ತೇವೆ: ಸವೆದ ಗಾತ್ರ = ಸ್ಥಿರಾಂಕ × ಭಾರ × ಜಾರಿದ ದೂರ ÷ ಗಡಸುತನ. ಗಡಸುತನ ಎರಡು ಪಟ್ಟಾದರೆ ಸವೆತ ಅರ್ಧವಾಗಬೇಕು ಎಂದು ಇದನ್ನು ಓದುತ್ತೇವೆ. ಆದರೆ ಆ ‘ಸ್ಥಿರಾಂಕ’ವು ವಸ್ತು ಮತ್ತು ಸನ್ನಿವೇಶಕ್ಕೆ ತಕ್ಕಂತೆ ಹಲವು ಸಾವಿರ ಪಟ್ಟು ಬದಲಾಗಬಲ್ಲದು ಎಂಬುದನ್ನು ಹೇಳಲು ಮರೆಯುತ್ತೇವೆ. ರಷ್ಯದ ವಿಜ್ಞಾನಿ ಕ್ರುಶ್ಚೋವ್ ಶುದ್ಧ ಲೋಹಗಳಲ್ಲಿ ಸವೆತ ನಿರೋಧವು ಗಡಸುತನಕ್ಕೆ ಅನುಪಾತದಲ್ಲಿರುವುದನ್ನು ತೋರಿಸಿದರು. ಆದರೆ ಅದೇ ಲೋಹವನ್ನು ಬಡಿದು ಗಡಸು ಮಾಡಿದರೆ ಸವೆತ ನಿರೋಧ ಹೆಚ್ಚುವುದಿಲ್ಲ ಎಂಬುದನ್ನೂ ಅವರೇ ತೋರಿಸಿದರು. ಈ ಎರಡನೆಯ ಫಲಿತಾಂಶ ನಮ್ಮ ತರಗತಿಗಳನ್ನು ತಲುಪಿಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆ: ಯಾರಿಗಿಂತ ಗಟ್ಟಿ? ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಸಿನ, ವಿಕರ್ಸ್ ಗಡಸುತನ ಸುಮಾರು 1100. ಮೆದು ಉಕ್ಕಿನದು ಸುಮಾರು 150, ಹದಗೊಳಿಸಿದ ಉಕ್ಕಿನದು ಸುಮಾರು 700. ಎರಡೂ ಬೆಣಚುಕಲ್ಲಿಗಿಂತ ಮೆದುವೇ. ಆದ್ದರಿಂದ 150ರಿಂದ 700ಕ್ಕೆ ಏರಿದರೂ ಬಾಳಿಕೆ ಅದೇ ಅನುಪಾತದಲ್ಲಿ ಏರುವುದಿಲ್ಲ. ಮೇಲ್ಮೈಯ ಗಡಸುತನವು ಕಣದ ಗಡಸುತನವನ್ನು ಸಮೀಪಿಸಿ ದಾಟುವಲ್ಲಿ ಮಾತ್ರ ಸವೆತ ಕಡಿದಾಗಿ ಇಳಿಯುತ್ತದೆ. ಕೆಸರು ಪಂಪುಗಳಿಗೆ ಹೆಚ್ಚು ಕ್ರೋಮಿಯಂ ಇರುವ ಬಿಳಿ ಬೀಡುಕಬ್ಬಿಣವನ್ನು ಬಳಸುವುದು ಇದಕ್ಕಾಗಿಯೇ. ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಹರಳುಗಳ ಗಡಸುತನ 1200ರಿಂದ 1600. ಇವು ಬೆಣಚುಕಲ್ಲಿಗೆ ಎದುರು ನಿಲ್ಲುತ್ತವೆ. ಮಿಶ್ರಲೋಹದ ಸರಾಸರಿ ಗಡಸುತನ ಮಾತ್ರ 700ರ ಆಸುಪಾಸಿನಲ್ಲೇ ಇರುತ್ತದೆ. ಹದಗೊಳಿಸಿದ ಉಕ್ಕಿನದೂ 700, ಇದರದೂ 700. ಆದರೂ ಬಾಳಿಕೆ ಬೇರೆ ಬೇರೆ. ಗಡಸುತನದ ಒಂದೇ ಅಂಕಿ ಏನನ್ನು ಮುಚ್ಚಿಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಕುದುರೆಮುಖದ ಎರಡು ರಾಡಿಗಳು

ನಮ್ಮ ನಾಡಿನದೇ ಉದಾಹರಣೆ ತೆಗೆದುಕೊಳ್ಳಿ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಅಲ್ಲಿನ ಮ್ಯಾಗ್ನೆಟೈಟ್ ಅದಿರನ್ನು ಅರೆದು, ನೀರಿನಲ್ಲಿ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿತ್ತು. ಉಳಿದ ಕಲ್ಲುಪುಡಿಯ ರಾಡಿ ಲಕ್ಯಾ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಒಂದೇ ಬೆಟ್ಟದ ಕಲ್ಲಿನಿಂದ ಎರಡು ರಾಡಿಗಳು: ಒಂದರಲ್ಲಿ ಮ್ಯಾಗ್ನೆಟೈಟ್ ಹೆಚ್ಚು, ಇನ್ನೊಂದರಲ್ಲಿ ಬೆಣಚುಕಲ್ಲು ಹೆಚ್ಚು.

ಮ್ಯಾಗ್ನೆಟೈಟಿನ ಗಡಸುತನ ಸುಮಾರು 600. ಹದಗೊಳಿಸಿದ ಉಕ್ಕು ಇದಕ್ಕಿಂತ ಗಟ್ಟಿ, ಬೆಣಚುಕಲ್ಲಿಗಿಂತ ಮೆದು. ಅಂದರೆ ಒಂದೇ ಲೋಹ ಒಂದು ರಾಡಿಯಲ್ಲಿ ‘ಗಟ್ಟಿ’, ಇನ್ನೊಂದರಲ್ಲಿ ‘ಮೆದು’. ಹಾಗಾದರೆ ಮ್ಯಾಗ್ನೆಟೈಟ್ ರಾಡಿ ನಿರಪಾಯಕಾರಿಯೇ? ಅವಸರ ಬೇಡ. ಮ್ಯಾಗ್ನೆಟೈಟಿನ ಸಾಪೇಕ್ಷ ಸಾಂದ್ರತೆ 5.2, ಬೆಣಚುಕಲ್ಲಿನದು 2.65. ಒಂದೇ ಅಳತೆಯ, ಒಂದೇ ವೇಗದ ಕಣವಾದರೆ ಮ್ಯಾಗ್ನೆಟೈಟಿನ ಚಲನಶಕ್ತಿ ಸುಮಾರು ಎರಡು ಪಟ್ಟು. ಗಡಸುತನದ ಕೋಷ್ಟಕವೊಂದರಿಂದಲೇ ಉತ್ತರ ಸಿಗದು ಎಂಬುದಕ್ಕೆ ಇಷ್ಟು ಸಾಕು.

ಕೋನ ಮತ್ತು ವೇಗ

1960ರಲ್ಲಿ ಇಯಾನ್ ಫಿನ್ನಿ ಪ್ರಕಟಿಸಿದ ಅಧ್ಯಯನವು ಕಣ ಬಡಿಯುವ ಕೋನದ ಮಹತ್ವವನ್ನು ಸ್ಪಷ್ಟಪಡಿಸಿತು. ತನ್ಯ ಲೋಹಗಳು ಸುಮಾರು 20 ಡಿಗ್ರಿಯ ಓರೆ ಹೊಡೆತದಲ್ಲಿ ಹೆಚ್ಚು ಸವೆಯುತ್ತವೆ. ಅಲ್ಲಿ ಕಣವು ಉಳಿಯಂತೆ ಕೆತ್ತುತ್ತದೆ. ಗಾಜಿನಂತಹ ಭಿದುರ ವಸ್ತುಗಳು 90 ಡಿಗ್ರಿಯ ನೇರ ಹೊಡೆತದಲ್ಲಿ ಬಿರುಕುಬಿಟ್ಟು ಹೆಚ್ಚು ಸವೆಯುತ್ತವೆ. ಇಂಪೆಲರಿನಲ್ಲಿ ಎರಡೂ ಇವೆ. ಅಲಗಿನ ಒಳತುದಿಗೆ ಕಣಗಳು ಹೆಚ್ಚುಕಡಿಮೆ ನೇರವಾಗಿ ಬಡಿಯುತ್ತವೆ, ಅಲಗಿನ ಮೈಮೇಲೆ ಉಜ್ಜುತ್ತ ಸಾಗುತ್ತವೆ. ಅತಿ ಗಟ್ಟಿಯಾದ ಭಿದುರ ವಸ್ತು ಎರಡನೆಯ ಜಾಗದಲ್ಲಿ ಗೆದ್ದು ಮೊದಲನೆಯ ಜಾಗದಲ್ಲಿ ಸೋಲಬಹುದು. ಇನ್ನು ರಬ್ಬರನ್ನು ನೋಡಿ. ಉಗುರಿಗೆ ತಗ್ಗುವಷ್ಟು ಮೆದು. ಆದರೂ ಸಣ್ಣ ಕಣಗಳ ರಾಡಿಯಲ್ಲಿ ಅದು ಹೊಡೆತವನ್ನು ನುಂಗಿ ಕಣವನ್ನು ಪುಟಿಸಿ ಕಳಿಸುವುದರಿಂದ ಉಕ್ಕಿಗಿಂತ ಹೆಚ್ಚು ಬಾಳುವುದುಂಟು. ಚೂಪಾದ ದೊಡ್ಡ ಕಲ್ಲುಚೂರು ಬಂದರೆ ಮಾತ್ರ ಹರಿಯುತ್ತದೆ. ‘ಗಟ್ಟಿಯಾದದ್ದೇ ಬಾಳುತ್ತದೆ’ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕೆ?

ವೇಗದ ಪಾತ್ರ ಇನ್ನೂ ದೊಡ್ಡದು. ಸವೆತವು ವೇಗದ 2ರಿಂದ 3ನೆಯ ಘಾತದಂತೆ ಏರುತ್ತದೆ. 40 ಸೆಂ.ಮೀ. ವ್ಯಾಸದ ಇಂಪೆಲರ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 21 ಮೀಟರ್. ನೀರನ್ನು ಎತ್ತುವ ಎತ್ತರವು ಈ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ‘ವ್ಯಾಸ ಹೆಚ್ಚಿಸಿ ಸುತ್ತು ಕಡಿಮೆ ಮಾಡಿ, ಸವೆತ ನಿಲ್ಲುತ್ತದೆ’ ಎಂಬ ಸಲಹೆಯನ್ನು ಎಚ್ಚರದಿಂದ ಕೇಳಿ. ಅದೇ ಎತ್ತರ ಬೇಕಾದರೆ ತುದಿಯ ವೇಗವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ದೊಡ್ಡ ಇಂಪೆಲರಿನ ಲಾಭವು ದಪ್ಪ ಅಲಗು, ಅಗಲ ದಾರಿಗಳಿಂದ ಬರುತ್ತದೆ. ವೇಗ ನಿಜವಾಗಿ ಇಳಿಯಬೇಕಾದರೆ ಎತ್ತರವನ್ನು ಹಂಚಿಕೊಳ್ಳಬೇಕು. ಎರಡು ಪಂಪುಗಳನ್ನು ಸರಣಿಯಲ್ಲಿ ಜೋಡಿಸಿದರೆ ಪ್ರತಿಯೊಂದಕ್ಕೂ ಅರ್ಧ ಎತ್ತರ, 0.71 ಪಟ್ಟು ವೇಗ. ಘಾತ 2.5 ಎಂದಿಟ್ಟುಕೊಂಡರೆ ಸವೆತ 0.42 ಪಟ್ಟಿಗೆ ಇಳಿಯುತ್ತದೆ. ಪಿಯುಸಿ ವಿದ್ಯಾರ್ಥಿ ಮಾಡಬಹುದಾದ ಲೆಕ್ಕವಿದು.

ಉಡಿಗಾಲದಲ್ಲಿ ಇದರಿಂದ ಏನು?

ಇದೆಲ್ಲ ದೊಡ್ಡ ಕಾರ್ಖಾನೆಗಳ ವಿಷಯ ಎನ್ನಬೇಡಿ. ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಊರಿನಲ್ಲಿ ಕೊಳವೆಬಾವಿ ಮರಳು ತರುತ್ತಿದ್ದರೆ ಅಲ್ಲಿನ ಸಬ್‌ಮರ್ಸಿಬಲ್ ಪಂಪೂ ಒಂದು ಪುಟ್ಟ ಕೆಸರು ಪಂಪೇ. ಇಂಪೆಲರ್ ಸವೆದಂತೆ ಸಂದು ಅಗಲವಾಗುತ್ತದೆ, ಎತ್ತಿದ ನೀರಿನ ಒಂದು ಪಾಲು ಒಳಗೇ ಹಿಂದಕ್ಕೆ ಸೋರುತ್ತದೆ, ಹೊರಗೆ ಧಾರೆ ಸಣ್ಣಗಾಗುತ್ತದೆ. ರೈತ ‘ಬಾವಿ ಬತ್ತಿತು’ ಎಂದುಕೊಂಡು ಸಾಲ ಮಾಡಿ ಹೊಸ ಬೋರು ಕೊರೆಸುತ್ತಾನೆ. ಪಂಪು ನಿಲ್ಲಿಸಿ ಕೆಲವು ಗಂಟೆಗಳ ನಂತರ ನೀರಿನ ಮಟ್ಟವನ್ನು ಅಳೆದು, ನಂತರ ಪಂಪು ಓಡುವಾಗಲೂ ಅಳೆದು, ಹಿಂದಿನ ಅಳತೆಗಳೊಂದಿಗೆ ಹೋಲಿಸಿದರೆ ಎಷ್ಟೋ ವಿಷಯ ತಿಳಿಯುತ್ತದೆ. ಮಟ್ಟ ಇಳಿಯದೆ ಧಾರೆ ಮಾತ್ರ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪಂಪನ್ನು ಮತ್ತು ಕೊಳವೆಯನ್ನು, ಭೂಮಿಯನ್ನಲ್ಲ. ಸವೆತದ ಪಾಠ ಸರಿಯಾಗಿದ್ದರೆ ಈ ಮಾತು ಮನೆಯ ಮಗನೋ ಮಗಳೋ ಹೇಳಬಹುದಿತ್ತು.

ಶಿಕ್ಷಕರಲ್ಲಿ ನನ್ನ ವಿನಂತಿ ಮೂರು. ಒಂದು, ಹತ್ತಿರದ ಮೋಟಾರ್ ರಿಪೇರಿ ಅಂಗಡಿಯಿಂದ ಸವೆದ ಇಂಪೆಲರ್ ಒಂದನ್ನು ತಂದು ತರಗತಿಯಲ್ಲಿ ತೋರಿಸಿ. ಎಲ್ಲಿ ಕೆತ್ತಿದೆ, ಎಲ್ಲಿ ಗುಳಿ ಬಿದ್ದಿದೆ ಎಂದು ಮಕ್ಕಳೇ ಗುರುತಿಸಲಿ. ಎರಡು, ಗಾಜಿನ ಸ್ಲೈಡು, ಅಲ್ಯೂಮಿನಿಯಂ ತಗಡು, ಸೈಕಲ್ ಟ್ಯೂಬಿನ ತುಂಡು ಇವುಗಳ ಮೇಲೆ ಉದ್ದನೆಯ ಕೊಳವೆಯ ಮೂಲಕ ಒಣ ಮರಳನ್ನು ಒಂದೇ ಎತ್ತರದಿಂದ, ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಸುರಿಸಿ ಗುರುತುಗಳನ್ನು ಹೋಲಿಸಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ತೂಕದ ನಷ್ಟ ಅಳೆಯುವಿರಾದರೆ ಅದನ್ನು ಸಾಂದ್ರತೆಯಿಂದ ಭಾಗಿಸಿ ಗಾತ್ರವನ್ನೇ ಹೋಲಿಸಿ. ಇಲ್ಲದಿದ್ದರೆ ಹಗುರ ವಸ್ತುವಿಗೆ ಸಲ್ಲದ ಅಂಕ ಸಿಗುತ್ತದೆ. ಮೂರು, ಪರೀಕ್ಷೆಯಲ್ಲಿ ‘ಯಾವ ವಸ್ತು ಹೆಚ್ಚು ಬಾಳುತ್ತದೆ?’ ಎಂದು ಮಾತ್ರ ಕೇಳಬೇಡಿ. ಯಾವ ಕಣ, ಯಾವ ಕೋನ, ಯಾವ ವೇಗ ಎಂಬುದನ್ನೂ ಪ್ರಶ್ನೆಯಲ್ಲೇ ಕೊಡಿ.

ಸವೆತ ನಿರೋಧವು ವಸ್ತುವೊಂದರದೇ ಗುಣವಲ್ಲ. ಅದು ವಸ್ತು, ಕಣ ಮತ್ತು ಹರಿವು ಮೂರೂ ಸೇರಿ ತೀರ್ಮಾನಿಸುವ ಫಲಿತಾಂಶ. ‘ಅನಾನುಕೂಲಗಳು’ ಪಟ್ಟಿಯ ಆ ಒಂದು ಸಾಲಿನ ಜಾಗದಲ್ಲಿ ಈ ಮಾತು ಬಂದರೆ ಪಠ್ಯಪುಸ್ತಕ ಒಂದು ಪುಟ ದಪ್ಪವಾದೀತು. ಆ ಒಂದು ಪುಟದ ಬೆಲೆ ಒಂದು ಬೋರಿನ ಬೆಲೆಗಿಂತ ಬಹಳ ಕಡಿಮೆ.