ಒರೆಗಲ್ಲನ್ನೇ ಒರೆಗೆ ಹಚ್ಚಿದವರು

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 1992ರಿಂದ 1998ರವರೆಗೆ ನಡೆದ ಎಸ್‌ಎಲ್‌ಡಿ ಪ್ರಯೋಗಕ್ಕೆ ದಕ್ಕಿದ್ದು ದುರ್ಬಲ ಬಲವನ್ನು ಹೊರುವ ಐದೂವರೆ ಲಕ್ಷದಷ್ಟು ಝಡ್ ಕಣಗಳು. ಜಿನೀವಾದ ಲೆಪ್ ಯಂತ್ರದ ನಾಲ್ಕು ಪ್ರಯೋಗಗಳು ಕೂಡಿಹಾಕಿದ್ದು 1 ಕೋಟಿ 70 ಲಕ್ಷ. ಆದರೂ ದುರ್ಬಲ ಬಲ ಮತ್ತು ವಿದ್ಯುತ್ಕಾಂತ ಬಲ ಎಷ್ಟು ಬೆರೆತಿವೆ ಎಂದು ಹೇಳುವ ದುರ್ಬಲ ಮಿಶ್ರಣ ಕೋನದ ವಿಷಯದಲ್ಲಿ, ಒಂದೇ ವಿಧಾನದಿಂದ ಬಂದ ಅತಿ ನಿಖರ ಉತ್ತರ ಆ ಬಡವನದೇ.

ಗುಟ್ಟು ಎಲೆಕ್ಟ್ರಾನಿನ ಗಿರಕಿಯಲ್ಲಿದೆ. ಪಾಸಿಟ್ರಾನುಗಳಿಗೆ ಡಿಕ್ಕಿ ಹೊಡೆದು ಎಡಗಿರಕಿಯವು ಬಲಗಿರಕಿಯವಕ್ಕಿಂತ ಎಷ್ಟು ಹೆಚ್ಚು ಝಡ್ ಹುಟ್ಟಿಸುತ್ತವೆ ಎಂದು ಎಣಿಸಿದರಾಯಿತು. ಎಣಿಕೆ ಸುಲಭ, ಕಷ್ಟ ಇರುವುದು ಭಾಗಾಕಾರದಲ್ಲಿ. ಬಂದ ವ್ಯತ್ಯಾಸವನ್ನು ಎಲೆಕ್ಟ್ರಾನ್ ಪುಂಜದ ಧ್ರುವೀಕರಣದಿಂದ, ಅಂದರೆ ಗಿರಕಿಗಳು ಎಷ್ಟರಮಟ್ಟಿಗೆ ಒಂದೇ ದಿಕ್ಕಿಗಿವೆ ಎನ್ನುವ ಶೇ. 75ರ ಆಸುಪಾಸಿನ ಒಂದು ಸಂಖ್ಯೆಯಿಂದ, ಭಾಗಿಸಬೇಕು. ಅದು ಶೇ. 1ರಷ್ಟು ತಪ್ಪಿದರೆ ಭಾಗಲಬ್ಧವೂ ಅಷ್ಟೇ ತಪ್ಪು.

ಡಿಕ್ಕಿಯ ಜಾಗದಿಂದ 33 ಮೀಟರ್ ಮುಂದೆ ಹಸಿರು ಲೇಸರನ್ನು ಪುಂಜಕ್ಕೆ ಎದುರಾಗಿ ಹಾಯಿಸಿ, ಚದುರಿದ ಎಲೆಕ್ಟ್ರಾನುಗಳನ್ನು ಎಣಿಸುವ ಕಾಂಪ್ಟನ್ ಮಾಪಕ ಧ್ರುವೀಕರಣದ ಅಳತೆಯನ್ನು ಶೇ. 0.5ರ ನಿಖರತೆಗೆ ತಂದಿತು. ನನ್ನ ಮೆಚ್ಚುಗೆ ಆ ಅಂಕಿಗಲ್ಲ, ಅದನ್ನು ನಂಬದೆ ಕುಳಿತವರ ಹಟಕ್ಕೆ. ಎಲೆಕ್ಟ್ರಾನಿನ ಲೆಕ್ಕ ಸಾಲದೆಂದು, ಚದುರಿದ ಫೋಟಾನುಗಳನ್ನು ಅಳೆಯುವ ಇನ್ನೆರಡು ಉಪಕರಣ ಹೂಡಿದರು. ಪಾಸಿಟ್ರಾನಿಗೆ ಧ್ರುವೀಕರಣ ಇಲ್ಲವೆಂಬುದು ಎಲ್ಲರೂ ಒಪ್ಪಿದ ಮಾತು. ಅದನ್ನೂ ಅಳೆದೇ ಒಪ್ಪಿದರು: ಶೇ. −0.02, ಏರುಪೇರು 0.07.

ಇದಕ್ಕಿಂತ ರುಚಿಕರವಾದದ್ದು 1993ರ ಪ್ರಸಂಗ. ಮಾಪಕ ಕಾಣುವುದು ಪುಂಜದ ಎಲ್ಲ ಎಲೆಕ್ಟ್ರಾನುಗಳನ್ನು. ಆದರೆ ಶಕ್ತಿಯಲ್ಲಿ ತುಸು ಹೆಚ್ಚುಕಡಿಮೆಯಾದವು ಡಿಕ್ಕಿಯ ಜಾಗಕ್ಕೆ ಪುಂಜವನ್ನು ತಿರುಗಿಸಿ ತರುವ ಕಮಾನಿನ ದಾರಿಯಲ್ಲಿ ಗಿರಕಿಯ ದಿಕ್ಕು ತಪ್ಪಿಸಿಕೊಳ್ಳುತ್ತವೆ. ಸರಿಯಾಗಿ ಒಂದೆಡೆ ಸೇರದೆ ಡಿಕ್ಕಿಯನ್ನೂ ಕಡಿಮೆ ಹೊಡೆಯುತ್ತವೆ. ಹೀಗಾಗಿ ಅಳೆದ ಪುಂಜವೇ ಬೇರೆ, ಡಿಕ್ಕಿ ಹೊಡೆದ ಪುಂಜವೇ ಬೇರೆ! ಆ ವರ್ಷ ಶೇ. 1.7ರಷ್ಟು ತಿದ್ದುಪಡಿ ಬೇಕಾಯಿತು. ಮುಂದೆ ಯಂತ್ರವನ್ನೇ ಹದಗೊಳಿಸಿ ಅದನ್ನು ಶೇ. 0.2ಕ್ಕಿಂತ ಕೆಳಗಿಳಿಸಿದರು.

ನನ್ನ ತಕರಾರು ಒಂದಿದೆ. ಮೂರು ಉಪಕರಣಗಳಿದ್ದರೂ ಲೇಸರ್ ಒಂದೇ, ಜಾಗವೂ ಒಂದೇ, ಅದೂ ಡಿಕ್ಕಿಯಾದ ಮೇಲಿನದು. ಇದು ಮುಖ್ಯ, ಏಕೆಂದರೆ ಆ ಕೋನದ ಸೈನ್‌ನ ವರ್ಗಕ್ಕೆ ಎಸ್‌ಎಲ್‌ಡಿ ಹೇಳಿದ ಬೆಲೆ 0.23098; ಲೆಪ್‌ನ ಬಾಟಮ್ ಕ್ವಾರ್ಕುಗಳು ಹೇಳಿದ್ದು 0.23221. ಎರಡರ ನಡುವೆ ಮೂರು ಸಿಗ್ಮಾ ದಾಟುವ ಅಂತರ. ಎಲ್ಲ ಸೇರಿಸಿದ ಸರಾಸರಿ 0.23153ನ್ನು ಬಳಸುತ್ತ ಬಂದಿದ್ದೇವೆ, ಇಬ್ಬರು ಸಾಕ್ಷಿಗಳು ಬೇರೆ ಬೇರೆ ಊರು ಹೇಳಿದಾಗ ನಡುವಿನ ಹೊಲವನ್ನು ಬರೆದುಕೊಂಡ ಶಾನುಭೋಗರಂತೆ.

ಮುಂದೆ ಕಟ್ಟಲು ಯೋಚಿಸಿರುವ ಐಎಲ್‌ಸಿ ಎಂಬ ಡಿಕ್ಕಿಯಂತ್ರದ ನಕ್ಷೆಯಲ್ಲಿ ಡಿಕ್ಕಿಗೆ ಮುಂಚೆ ಒಂದು, ಆಮೇಲೊಂದು ಮಾಪಕವಿದೆ, ಗುರಿ ಶೇ. 0.25. ಆ ಯಂತ್ರ ಇನ್ನೂ ಕಾಗದ ಬಿಟ್ಟು ಇಳಿದಿಲ್ಲ.